ನಿಯಾ ತಾಯ್ ಕಥೆ ಹೇಳಿದ ವರ್ಷ

ಕಳೆದ ಅಕ್ಟೋಬರ್‌ನಲ್ಲಿ ಆಫೀಸಿನ ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದೆ. ಮೀಟಿಂಗುಗಳು ಮುಗಿದು ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಎಲ್ಲಿಗೆ ಹೋಗಲಿ ಎಂದು ಯೋಚಿಸಲೇ ಇಲ್ಲ. ತೋಜಾಯ್ ಲೈನಿನ ರೈಲು ಹತ್ತಿ, ಎಡೋಗಾವಾದಲ್ಲಿ ನಾವು ಏಳು ವರ್ಷ ಬಾಳಿದ ಕಡೆಗೆ ಹೊರಟೆ. ಸ್ಟೇಷನ್ನಿನಿಂದ ಇಳಿದು, ಕೊಂಬಿನಿ ಎಂಬ ದಿನಸಿ ಅಂಗಡಿಯ ಪಕ್ಕದ ಓಣಿಗೆ ತಿರುಗಿದ್ದೇ ತಡ, ಕಿನ್‌ಮೊಕುಸೇಯ್ ಹೂವಿನ ವಾಸನೆ ಬಂತು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕಿತ್ತಳೆ ಬಣ್ಣದ ಹೂ ಅದು. ಸಂಪಿಗೆಗೂ ಮಾಗಿದ ಹಲಸಿನ ತೊಳೆಗೂ ನಡುವಿನ ಪರಿಮಳ. ಗಿಡ ಕಾಣುವ ಮೊದಲೇ ಮೂಗಿಗೆ ಗೊತ್ತಾಗಿಬಿಡುತ್ತದೆ. ನಮ್ಮ ಹಳೆಯ ಕಟ್ಟಡದ ಅಂಗಳಕ್ಕೆ ಬಂದು ನಿಂತೆ. ಪರಿಚಯದವರು ಒಬ್ಬರೂ ಇರಲಿಲ್ಲ. ಆದರೂ ಅಲ್ಲಿ ಇಬ್ಬರು ಮುದುಕಿಯರು ಬೇರೆ ಬೇರೆ ಭಾಷೆಯಲ್ಲಿ ಜೋರುಜೋರಾಗಿ ವಾದ ಮಾಡುತ್ತಿರುವಂತೆ ಕೇಳಿಸಿ, ಒಬ್ಬಳೇ ನಿಂತು ನಕ್ಕೆ.

ಕೊರೊನಾ ಬಂದ ಮೊದಲ ವರ್ಷದ ಮಾತು. ಆ ಫೆಬ್ರವರಿಯಲ್ಲಿ ನನ್ನ ಅತ್ತೆ ನಾಗರತ್ನಮ್ಮ ಮೈಸೂರಿನಿಂದ ಬಂದಿದ್ದರು. ಚೆರ್ರಿ ಹೂ ನೋಡಿಕೊಂಡು, ಮೊಮ್ಮಗಳು ಇಂಚರಳ ಜೊತೆ ಕೆಲವು ದಿನ ಕಳೆದು ವಾಪಸು ಹೋಗುವುದು ಎಂದಾಗಿತ್ತು. ಹೂವೇನೋ ಸರಿಯಾದ ಸಮಯಕ್ಕೆ ಅರಳಿತು. ಅಷ್ಟರಲ್ಲಿ ವಿಮಾನ ನಿಂತಿತ್ತು, ಶಾಲೆ ಮುಚ್ಚಿತ್ತು, ಆಫೀಸು ಮನೆಗೆ ಬಂದು ಕೂತಿತ್ತು.

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆಯ ಫ್ಲಾಟು. ಒಂದು ಕೋಣೆಯಲ್ಲಿ ನನ್ನ ಗಂಡ ರಘು ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನ್ ಹಾಕಿಕೊಂಡು ಯಾರಿಗೋ ಕ್ಷಮೆ ಕೇಳುತ್ತ ಕೂತಿರುತ್ತಿದ್ದರು. ಊಟದ ಮೇಜು ನನ್ನ ಆಫೀಸು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. ಟ್ರಂಕ್ ಕಾಲ್ ಕಾಲದ ಗಂಟಲು ಅವರದು. ಹಾಸನದವರ ಮಾತು ಧಾರವಾಡದವರಿಗೆ ಮುಟ್ಟಿಸಿ ಮುಟ್ಟಿಸಿ ಪಳಗಿದ್ದು. ಅವರು ತಂಗಿಗೆ ವಾಟ್ಸಾಪಿನಲ್ಲಿ ಫೋನ್ ಮಾಡಿದರೆ ನನ್ನ ಮೀಟಿಂಗಿನಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಒಂದು ದಿನ ಜಪಾನಿನ ಮ್ಯಾನೇಜರ್ ಬಹಳ ಮರ್ಯಾದೆಯಿಂದ, "ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ ತಾನೇ?" ಎಂದು ವಿಚಾರಿಸಿದರು. ಅತ್ತೆ ಆ ಹೊತ್ತಿನಲ್ಲಿ ತಂಗಿಗೆ ಹುಳಿಯನ್ನದ ಗೊಜ್ಜು ಕುದಿಸುವುದು ಹೇಗೆಂದು ವಿವರಿಸುತ್ತಿದ್ದರು.

"ಅತ್ತೆ, ಇಂಚರನ್ನ ಕರ್ಕೊಂಡು ಸ್ವಲ್ಪ ಹೊತ್ತು ಕೆಳಗೆ ಕೂತಿರ್ತೀರಾ? ಬಿಸಿಲೂ ಚೆನ್ನಾಗಿದೆ," ಎಂದೆ.

"ನನ್ನ ಓಡಿಸ್ತಿದೀಯ ಅಂತ ಗೊತ್ತು ಬಿಡು," ಎಂದು ನಗುತ್ತಲೇ ಮಾಸ್ಕ್ ಹಾಕಿಕೊಂಡು, ಚಕ್ಕುಲಿ ಡಬ್ಬಿ ಹಿಡಿದು ಹೊರಟರು.

ಅಂಗಳದಲ್ಲಿ ಒಂದಿಷ್ಟು ಬೆಂಚುಗಳು, ಮಕ್ಕಳು ಹತ್ತಿ ಕೂರುವ ಒಂದು ಸಿಮೆಂಟಿನ ನೀರಾನೆ. ನಾವಿದ್ದದ್ದು ಎರಡನೆಯ ಮಹಡಿ. ಬಾಲ್ಕನಿಯಿಂದ ಎಲ್ಲ ಕಾಣುತ್ತಿತ್ತು, ಅತ್ತೆಯ ಮಟ್ಟಿಗೆ ಎಲ್ಲ ಕೇಳುತ್ತಲೂ ಇತ್ತು. ಅಲ್ಲಿ ಎದುರಿನ ಬೆಂಚಿನಲ್ಲಿ ಅತ್ತೆಯದೇ ವಯಸ್ಸಿನ ಒಬ್ಬ ಹೆಂಗಸು ಕೂತಿರುತ್ತಿದ್ದರು. ಪುಟ್ಟ ದೇಹ, ತಲೆಗೆ ಸುತ್ತಿದ ಕಪ್ಪು ವಸ್ತ್ರ, ಕೈಯಲ್ಲಿ ಸದಾ ಸೂಜಿ ದಾರ. ಬಟ್ಟೆಯ ಮೇಲೆ ಬಸವನಹುಳದ ಚಿಪ್ಪಿನ ಹಾಗೆ ಸುರುಳಿ ಸುರುಳಿ ಕಸೂತಿ ಹಾಕುತ್ತಿದ್ದರು. ಪಕ್ಕದಲ್ಲಿ ಇಂಚರಳದೇ ತರಗತಿಯ ಹುಡುಗಿ ಹಾನಾ. ಅವಳ ತಾಯಿ ಮಾಯ್, ಜಪಾನಿನ ಮರ್ಯಾದೆಯಲ್ಲಿ ಮಾಯ್ ಸಾನ್, ತುಂಬು ಬಸುರಿ. ಓದಲೆಂದು ಲಾವೋಸ್‌ನಿಂದ ಜಪಾನಿಗೆ ಬಂದು ಇಲ್ಲಿಯವರನ್ನೇ ಮದುವೆಯಾಗಿ, ಒಂದು ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ ಮಾಡುತ್ತಿದ್ದವರು. ಹೋಟೆಲು ಮುಚ್ಚಿತ್ತು. ಪಾರ್ಸೆಲ್ ವ್ಯಾನ್ ಓಡಿಸುವ ಗಂಡ ಆ ದಿನಗಳಲ್ಲಿ ಮನೆಯಲ್ಲಿ ಕಾಣುತ್ತಲೇ ಇರಲಿಲ್ಲ. ಮಗಳ ಬಾಣಂತನಕ್ಕೆಂದು ಬಂದ ಈ ತಾಯಿಯೂ ನಮ್ಮತ್ತೆಯ ಹಾಗೆಯೇ ಸಿಕ್ಕಿಹಾಕಿಕೊಂಡಿದ್ದರು.

ಮೊದಲ ದಿನ ಅತ್ತೆ ಎರಡೂ ಕೈ ಜೋಡಿಸಿ "ನಮಸ್ಕಾರ" ಎಂದರು. ಆಕೆಯೂ ತಲೆ ಬಾಗಿಸಿ ಏನೋ ಅಂದರು. ಆಗಲೇ ಹಾನಾ ಅಜ್ಜಿಯನ್ನು "ನಿಯಾ ತಾಯ್" ಎಂದು ಕರೆದದ್ದು ಅತ್ತೆಯ ಕಿವಿಗೆ ಬಿತ್ತು.

ಮೇಲೆ ಬಂದವರೇ, "ವೀಣಾ, ಆ ಮಗು ಕನ್ನಡದಲ್ಲಿ ಕರೆಯುತ್ತೆ ಕಣೇ! ತಾಯಿ ಅಂತಾಳೆ!" ಎಂದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಳಿದು ಮಾಯ್ ಸಾನ್ ಹತ್ತಿರ ವಿಚಾರಿಸಿದೆ. ನಾವಿಬ್ಬರೂ ಜಪಾನೀಸಿನಲ್ಲೇ ಮಾತಾಡುತ್ತಿದ್ದೆವು. ಅದು ಹ್ಮೋಂಗ್ ಭಾಷೆ, ನಿಯಾ ತಾಯ್ ಅಂದರೆ ತಾಯಿಯ ತಾಯಿ ಎಂದರು. "ಇಲ್ಲಿ ಎಲ್ಲರಿಗೂ ನಾನು ಲಾವೋಸ್‌ನವಳು ಅಂತಲೇ ಹೇಳೋದು. ಹ್ಮೋಂಗ್ ಅಂದರೆ ಮತ್ತೆ ಬೆಟ್ಟದಿಂದ ಶುರುಮಾಡಿ ಹೇಳಬೇಕು." ಬೆಟ್ಟದ ಮೇಲಿನ ಜನ, ಗುಡ್ಡ ಸವರಿ ಭತ್ತ ಜೋಳ ಬೆಳೆಯುವವರು, ಬಹಳ ಕಾಲ ಲಿಪಿ ಇಲ್ಲದೆ ಎಲ್ಲವನ್ನೂ ಬಾಯಲ್ಲೇ ಉಳಿಸಿಕೊಂಡವರು ಎಂದು ನನಗೆ ಬೆಟ್ಟದಿಂದಲೇ ಶುರುಮಾಡಿ ಹೇಳಿದರು. ಹಿಂದೆ ತಮಗೂ ಪುಸ್ತಕ ಇತ್ತಂತೆ. ದಾರಿಯಲ್ಲಿ ದಣಿದು ಮಲಗಿದ್ದಾಗ ಕುದುರೆ ತಿಂದುಬಿಟ್ಟಿತಂತೆ. "ಹಾಗಂತ ಅಮ್ಮ ಹೇಳ್ತಾರೆ. ಕುದುರೆ ಕಂಡರೆ ಈಗಲೂ ಅವರಿಗೆ ಸಿಟ್ಟು," ಎಂದು ಮಾಯ್ ಸಾನ್ ನಕ್ಕರು.

ಅಜ್ಜಿ ಕಥೆ ಹೇಳುತ್ತಾರೆಂದು ಗೊತ್ತಾದದ್ದು ಹಾಗೆ. ಕಥೆ ಎಂದರೆ ಅತ್ತೆಯ ಕಿವಿ ನಿಮಿರುತ್ತದೆ. "ಕೇಳು, ಒಂದು ಹೇಳಲಿ," ಎಂದರು. ಮಾಯ್ ಸಾನ್ ಅದನ್ನು ತಾಯಿಗೆ ಹೇಳಿದರು. ನಿಯಾ ತಾಯ್ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಅತ್ತೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಪುವಾ ಥಾವ್ ಉ," ಎಂದು ಶುರುಮಾಡಿದರು. ಬಹಳ ಬಹಳ ಹಿಂದೆ ಎಂದು ಅದರರ್ಥ.

ಕಥೆ ಅತ್ತೆಗೆ ಮುಟ್ಟುವ ದಾರಿ ಉದ್ದವಾಗಿತ್ತು. ನಿಯಾ ತಾಯ್ ಹೇಳಿದ್ದನ್ನು ಮಾಯ್ ಸಾನ್ ಜಪಾನೀಸಿಗೆ ತರಬೇಕು. ಅದನ್ನು ಇಂಚರ ಕನ್ನಡಕ್ಕೆ ತರಬೇಕು. ಇಂಚರ ಹುಟ್ಟಿದ್ದೇ ಜಪಾನಿನಲ್ಲಿ. ಕನ್ನಡ ಎಲ್ಲ ತಿಳಿಯುತ್ತಿತ್ತು. ಉತ್ತರ ಮಾತ್ರ ಜಪಾನೀಸಿನಲ್ಲೋ ಇಂಗ್ಲಿಷಿನಲ್ಲೋ. ನಾವು ಅದನ್ನು ಒಪ್ಪಿಕೊಂಡು ಸುಮ್ಮನಾಗಿದ್ದೆವು. ಅತ್ತೆ ಒಪ್ಪಿರಲಿಲ್ಲ. "ನಂಗೆ ಇಂಗ್ಲಿಷ್ ಬರಲ್ಲ, ಕನ್ನಡದಲ್ಲೇ ಹೇಳು," ಎಂದು ಸುಳ್ಳು ಹೇಳಿ ಕೂತರು. ಜೀವನವಿಡೀ "ನಂಬರ್ ಪ್ಲೀಸ್" ಎಂದವರು!

"ಅಜ್ಜಿ, ಲಾಂಗ್ ಲಾಂಗ್ ಅಗೋ... ಪಾಪ್‌ಕಾರ್ನ್ ವಾಕ್ ಮಾಡ್ಕೊಂಡು ಮನೆಗೆ ಬರ್ತಿತ್ತು."

"ಏನು ಬರ್ತಿತ್ತು?"

"ಪಾಪ್‌ಕಾರ್ನ್. ಮತ್ತೆ ಅನ್ನ."

ನಾನು ನಡುವೆ ಬಾಯಿ ಹಾಕಬೇಕಾಯಿತು. ಕಥೆ ಇಷ್ಟು: ಆಗೆಲ್ಲ ಭತ್ತ, ಮುಸುಕಿನ ಜೋಳ ಬೆಳೆದು ನಿಂತ ಮೇಲೆ ತಾವೇ ಗದ್ದೆಯಿಂದ ನಡೆದುಕೊಂಡು ಮನೆಗೆ ಬರುತ್ತಿದ್ದವಂತೆ. ಮನೆಯವರು ಕಣಜ ಗುಡಿಸಿ ಕಾದಿದ್ದರೆ ಸಾಕು. ಒಬ್ಬಳು ಸೋಮಾರಿ ಕಣಜವನ್ನೇ ಕಟ್ಟಿರಲಿಲ್ಲ. ಬಾಗಿಲಿಗೆ ಬಂದ ಫಸಲನ್ನು, "ಈಗ್ಯಾಕೆ ಬಂದ್ರಿ, ಹೋಗಿ, ಆಮೇಲೆ ಬನ್ನಿ" ಎಂದು ಗದರಿ ಕಳಿಸಿದಳು. ಫಸಲಿಗೆ ಅವಮಾನವಾಯಿತು. ಹಿಂತಿರುಗಿ ಹೊಲದಲ್ಲಿ ನಿಂತದ್ದು ಮತ್ತೆ ಕಾಲೆತ್ತಲಿಲ್ಲ. ಅಂದಿನಿಂದ ಮನುಷ್ಯರೇ ಹೋಗಿ, ಕೊಯ್ದು, ಬೆನ್ನ ಮೇಲೆ ಹೊತ್ತು ತರಬೇಕಾಯಿತು.

ಅತ್ತೆ ತೊಡೆ ತಟ್ಟಿಕೊಂಡು ನಕ್ಕರು. "ಬಾಗಿಲಿಗೆ ಬಂದೋರನ್ನ ಹಾಗೆ ಅನ್ನಬಾರದಿತ್ತು. ನೋಡು, ಈಗ ಎಲ್ಲರೂ ಹೊರಬೇಕು," ಎಂದು ನಿಯಾ ತಾಯ್ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು. ನಿಯಾ ತಾಯ್ ಹ್ಮೋಂಗಿನಲ್ಲಿ ಏನೋ ಉತ್ತರ ಕೊಟ್ಟರು. ಇಬ್ಬರೂ ತಲೆ ಆಡಿಸಿದರು. ಆ ಮಾತನ್ನು ಯಾರೂ ಅನುವಾದಿಸಲಿಲ್ಲ, ಅದರ ಅಗತ್ಯವೂ ಕಾಣಲಿಲ್ಲ.

ಅಲ್ಲಿಂದ ಮುಂದೆ ಮಳೆ ಇಲ್ಲದ ದಿನವೆಲ್ಲ ಕಥೆ. ಹುಲಿ ಮನುಷ್ಯನ ವೇಷದಲ್ಲಿ ಬಂದು ಹೆಣ್ಣು ಕೇಳಿದ ಕಥೆ, ಯಾರೂ ಇಲ್ಲದ ಅನಾಥ ಹುಡುಗನೊಬ್ಬ ನಾಗರಾಜನ ಮಗಳನ್ನು ಮದುವೆಯಾದ ಕಥೆ, ಪ್ರಳಯ ಬಂದಾಗ ಅಣ್ಣ ತಂಗಿ ಮರದ ಮದ್ದಲೆಯೊಳಗೆ ಕೂತು ತೇಲಿದ ಕಥೆ. ನಿಯಾ ತಾಯ್ ಕಥೆ ಹೇಳುವಾಗ ಸುಮ್ಮನೆ ಕೂರುತ್ತಿರಲಿಲ್ಲ. ಹುಲಿಗೆ ಒಂದು ಗಂಟಲು, ಅನಾಥನಿಗೆ ಒಂದು, ನಾಗಕನ್ಯೆಗೆ ಇನ್ನೊಂದು. ಮಾಸ್ಕಿನೊಳಗಿಂದಲೇ ಹುಲಿ ಗುರುಗುಟ್ಟಿದರೆ ಕೆಳಗಿನ ಮನೆಯ ನಾಯಿ ಬೊಗಳುತ್ತಿತ್ತು. ಸರ್ಕಾರ ಮನೆಮನೆಗೆ ಅಂಚೆಯಲ್ಲಿ ಕಳಿಸಿದ ಪುಟ್ಟ ಬಟ್ಟೆ ಮಾಸ್ಕ್‌ಗಳು ಯಾರ ಮುಖಕ್ಕೂ ಸಾಲದೆ ಬಿದ್ದಿದ್ದವು. ಅವನ್ನೆಲ್ಲ ನಿಯಾ ತಾಯ್ ಇಸಿದುಕೊಂಡು, ಅಗಲಕ್ಕೆ ಪಟ್ಟಿ ಸೇರಿಸಿ, ಸುರುಳಿ ಕಸೂತಿ ಹಾಕಿ ಕೊಟ್ಟರು. ಅತ್ತೆ ತಮ್ಮ ಮೈಸೂರು ರೇಷ್ಮೆಗೆ ಹೊಂದುವ ಬಣ್ಣವನ್ನೇ ಕೇಳಿ ಮಾಡಿಸಿಕೊಂಡರು.

ಆದರೆ ಆ ಕಾಲವೇ ಅಂಥದ್ದು. ಒಂದು ದಿನ ಕಟ್ಟಡ ನೋಡಿಕೊಳ್ಳುವ ಕುರಾತಾ ಸಾನ್ ಎಂಬ ಹಿರಿಯರು ಟೋಪಿ ತೆಗೆದು, "ಸುಮಿಮಾಸೆನ್," ಕ್ಷಮಿಸಿ, ಎನ್ನುತ್ತ ಬಂದರು. ಮೇಲಿನ ಮಹಡಿಯ ಯಾರೋ ದೂರು ಕೊಟ್ಟಿದ್ದರು: ಜನ ಸೇರುತ್ತಾರೆ, ಪರದೇಶದ ಹೆಂಗಸರು ಗಟ್ಟಿಯಾಗಿ ಮಾತಾಡುತ್ತಾರೆ. ಅಂಗಳಕ್ಕೆ ಹಗ್ಗ ಕಟ್ಟಿಬಿಡಬೇಕೋ ಏನೋ ಎಂದು ಕುರಾತಾ ಸಾನ್ ತಾವೇ ತಪ್ಪು ಮಾಡಿದವರಂತೆ ಕೈ ಹಿಸುಕಿಕೊಂಡರು. ಅಂಗಳವೂ ಹೋದರೆ ಅತ್ತೆಯನ್ನು ಆ ಫ್ಲಾಟಿನಲ್ಲಿ ಹೇಗೆ ಇಟ್ಟುಕೊಳ್ಳಲಿ?

ನಿಯಾ ತಾಯ್‌ಗೆ ಇದಾವುದೂ ತಿಳಿಯದು. ಕಥೆಯ ನಡುವೆ ಇದ್ದರು, ನಿಲ್ಲಿಸಲಿಲ್ಲ. ಕುರಾತಾ ಸಾನ್‌ಗೆ ಕೂರುವಂತೆ ಕೈ ಸನ್ನೆ ಮಾಡಿ ಮುಂದುವರಿಸಿದರು. ಬೇರೆ ದಾರಿ ಕಾಣದೆ ಅವರು ದೂರದ ಬೆಂಚಿನ ತುದಿಗೆ ಕೂತರು. ಅವತ್ತಿನದು ಸೂರ್ಯನ ಕಥೆ. ಮೊದಲು ಆಕಾಶದಲ್ಲಿ ಒಂಬತ್ತು ಸೂರ್ಯರಿದ್ದರಂತೆ. ಬೆಳೆ ಸುಟ್ಟಿತು, ಕಲ್ಲು ಕರಗಿತು. ಒಬ್ಬ ಬಿಲ್ಲುಗಾರ ಎಂಟನ್ನು ಹೊಡೆದು ಕೆಡವಿದ. ಉಳಿದ ಒಂದು ಸೂರ್ಯ ಹೆದರಿ ಬೆಟ್ಟದ ಹಿಂದೆ ಅವಿತುಕೊಂಡಿತು. ಲೋಕವೆಲ್ಲ ಕತ್ತಲೆ. ಹುಲಿ ಹೋಗಿ ಕರೆಯಿತು. ಸೂರ್ಯ ಇನ್ನೂ ಒಳಗೆ ಸರಿಯಿತು. ಎತ್ತು ಹೋಗಿ ಗುಟುರು ಹಾಕಿತು, ಬರಲಿಲ್ಲ. ಕೊನೆಗೆ ಹುಂಜ ಹೋಯಿತು. ಅದು ಬೈಯಲಿಲ್ಲ, ಹೆದರಿಸಲಿಲ್ಲ, ಸುಮ್ಮನೆ ಕೂಗಿತು. ಒಂದು ಕೂಗಿಗೆ ಬೆಟ್ಟದ ಅಂಚು ಬೆಳ್ಳಗಾಯಿತು, ಎರಡನೆಯದಕ್ಕೆ ಕೆಂಪಾಯಿತು, ಮೂರನೆಯದಕ್ಕೆ ಸೂರ್ಯ ಇಣುಕಿ, ಯಾರೂ ಹೊಡೆಯುವವರಿಲ್ಲವೆಂದು ನೋಡಿಕೊಂಡು ಹೊರಗೆ ಬಂತು. ಹುಂಜಕ್ಕೆ ತನ್ನ ಕೆಂಪಿನಲ್ಲಿ ಒಂದು ಚೂರು ಕಿತ್ತು ಕೊಟ್ಟಿತು. ಅದೇ ಅದರ ಜುಟ್ಟು.

ಮಾಯ್ ಸಾನ್ ಜಪಾನೀಸಿನಲ್ಲಿ ಹೇಳಿ ಮುಗಿಸುತ್ತಿದ್ದಂತೆ ಕುರಾತಾ ಸಾನ್ ಮೊಣಕಾಲಿನ ಮೇಲೆ ಟೋಪಿ ಇಟ್ಟು ಮುಂದೆ ಬಾಗಿದರು. "ಇದು ನಮ್ಮದೂ ಹೌದು! ನಮ್ಮ ಸೂರ್ಯದೇವಿಯೂ ಗುಹೆಯೊಳಗೆ ಹೋಗಿ ಕೂತಿದ್ದಳು. ಅಲ್ಲೂ ಹುಂಜ ಕೂಗಿಸಿದರು. ನಮ್ಮಜ್ಜಿ ಹೇಳುತ್ತಿದ್ದರು..." ಎಂದವರು ನಾಚಿ, "ಅದಿರಲಿ," ಎಂದು ಎದ್ದರು. ಮರುದಿನ ನೋಡಿದರೆ ಅಂಗಳಕ್ಕೆ ಹಗ್ಗ ಇರಲಿಲ್ಲ. ಬೆಂಚುಗಳನ್ನು ದೂರ ದೂರ ಎಳೆದು, ಯಾರು ಎಲ್ಲಿ ಕೂರಬೇಕೆಂದು ನೆಲಕ್ಕೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಒಂದು ವೃತ್ತ ಸ್ವಲ್ಪ ಬದಿಗೆ, ಮರದ ನೆರಳಿನಲ್ಲಿತ್ತು. ಅದು ಕುರಾತಾ ಸಾನ್ ತಮಗೇ ಬರೆದುಕೊಂಡದ್ದು.

ಜೂನ್ ಬಂತು, ಜಪಾನಿನ ಜಡಿಮಳೆ ಹಿಡಿಯಿತು. ಕಥೆಯ ಜಾಗ ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ ಸರಿಯಿತು. ಮಾಯ್ ಸಾನ್ ಹೆರಿಗೆಗೆ ಆಸ್ಪತ್ರೆ ಸೇರಿದರು. ಸೋಂಕಿನ ಭಯದಿಂದ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಗಂಡು ಮಗು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂತು. ಅತ್ತೆ ಕೇಸರಿಬಾತ್ ಮಾಡಿ ಅವರ ಮನೆಗೆ ಕೊಡಲು ಇಂಚರಳನ್ನು ಕಳಿಸಿದರು. ಹಾಗೆ ಹೋದವಳು ಮುಖ ಸಪ್ಪೆ ಮಾಡಿಕೊಂಡು ಹಿಂತಿರುಗಿದಳು. ನಿಯಾ ತಾಯ್ ಅವರ ಅಣ್ಣ ಊರಿನಲ್ಲಿ ತೀರಿಕೊಂಡಿದ್ದರು. ಬೆಳಿಗ್ಗೆಯೇ ಹಳ್ಳಿಯಿಂದ ಕರೆ ಬಂದಿತ್ತಂತೆ.

ಅತ್ತೆ ಕೂಡಲೇ ಹೊರಟರು. ನಾನೂ ಹಿಂದೆ ಹೋದೆ. ನಿಯಾ ತಾಯ್ ತಗಡಿನ ಮಾಡಿನ ಕೆಳಗೆ ಕೂತು ಮಳೆ ನೋಡುತ್ತಿದ್ದರು. ಕೈಯಲ್ಲಿ ಸೂಜಿ ಇರಲಿಲ್ಲ. ಅತ್ತೆ ಅಂತರ ಗಿಂತರ ನೋಡದೆ ಹೋಗಿ ಪಕ್ಕದಲ್ಲೇ ಕೂತರು. ಅವರನ್ನು ಅಷ್ಟು ಹೊತ್ತು ಮೌನವಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಂದಿನಿಂದ ನಿಯಾ ತಾಯ್ ಮಾತು ನಿಲ್ಲಿಸಿಬಿಟ್ಟರು. ದಿನವೂ ಬಂದು ಕೂರುತ್ತಿದ್ದರು, ಅಷ್ಟೆ. ಹಾನಾಳಿಗೆ ಅಜ್ಜಿಯ ಭಾಷೆಯಲ್ಲಿ ಊಟ, ನಿದ್ದೆ, ಬಾ, ಹೋಗು ಇಷ್ಟೇ ಗೊತ್ತು. ಅವಳಪ್ಪನಿಗೆ ಅದೂ ಇಲ್ಲ. ಮಾಯ್ ಸಾನ್ ಆಸ್ಪತ್ರೆಯಿಂದ ನನಗೆ ಫೋನ್ ಮಾಡಿ ಅತ್ತರು. "ಮಾವನೇ ಅಮ್ಮನಿಗೆ ಕಥೆ ಕಲಿಸಿದ್ದು. ನಾನು ಹಾಸ್ಟೆಲಿನಲ್ಲಿ ಓದಿ ಬೆಳೆದವಳು, ನನಗೆ ಯಾವುದೂ ಪೂರ್ತಿ ಬರಲ್ಲ. ಅಮ್ಮ ಹೀಗೇ ಇದ್ದುಬಿಟ್ಟರೆ..." ಎಂದು ನಿಲ್ಲಿಸಿದರು. ಮಗುವಿಗೆ ಸ್ವಲ್ಪ ಕಾಮಾಲೆ ಇದ್ದದ್ದರಿಂದ ಇನ್ನೂ ಕೆಲವು ದಿನ ಅವರನ್ನು ಬಿಡುವಂತಿರಲಿಲ್ಲ.

ಅತ್ತೆಗೆ ಇದನ್ನು ಹೇಳಿದೆ. "ಹೂಂ," ಎಂದರು. ಮರುದಿನ ಹಾನಾ, ಇಂಚರ ಇಬ್ಬರನ್ನೂ ಕರೆದುಕೊಂಡು ಇಳಿದರು. ನನಗೆ ಯಾಕೋ ಅನುಮಾನ ಬಂದು ಮೀಟಿಂಗಿಗೆ ಬರುವುದಿಲ್ಲವೆಂದು ತಿಳಿಸಿ ಹಿಂದೆಯೇ ಹೋದೆ.

ಅತ್ತೆ ಗಂಟಲು ಸರಿಮಾಡಿಕೊಂಡು, "ಪುವಾ ಥಾವ್ ಉ," ಎಂದರು.

ನಿಯಾ ತಾಯ್ ತಲೆ ಎತ್ತಲಿಲ್ಲ.

"ಬಹಳ ಹಿಂದೆ ಎರಡು ಸೂರ್ಯ ಇದ್ದವಂತೆ."

"ಅಜ್ಜಿ, ಒಂಬತ್ತು!" ಎಂದಳು ಇಂಚರ.

"ನಿಂಗೇನು ಗೊತ್ತು? ಎರಡೇ. ಹಾನಾಗೆ ಹೇಳು. ಅವಳು ಅವಳಜ್ಜಿಗೆ ಹೇಳಲಿ."

ಇಂಚರ ನನ್ನ ಮುಖ ನೋಡಿದಳು. ಹೇಳು ಎಂದು ಕಣ್ಸನ್ನೆ ಮಾಡಿದೆ. ಹಾನಾ ಹೆದರುತ್ತ ಅಜ್ಜಿಯ ಮುಂದೆ ಎರಡು ಬೆರಳು ಹಿಡಿದು, ಆಕಾಶ ತೋರಿಸಿದಳು. ನಿಯಾ ತಾಯ್ ಹುಬ್ಬು ಗಂಟಿಕ್ಕಿದರು.

"ಒಂದು ಸೂರ್ಯ ಅವಿತುಕೊಳ್ತು. ಕರೆಯೋಕೆ ಯಾರು ಹೋದರು ಅಂದ್ರೆ, ಬಾತುಕೋಳಿ."

"ಬಾತುಕೋಳಿ ಅಲ್ಲ ಅಜ್ಜೀ!"

"ಬಾತುಕೋಳೀನೇ. ಹೇಳು."

ಬಾತುಕೋಳಿಗೆ ಹ್ಮೋಂಗಿನಲ್ಲಿ ಏನೆನ್ನುತ್ತಾರೋ ಹಾನಾಳಿಗೆ ಗೊತ್ತಿರಲಿಲ್ಲ. ಎದ್ದು ನಿಂತು, ಕೈಗಳನ್ನು ಹಿಂದಕ್ಕೆ ಕಟ್ಟಿ, ಓಲಾಡುತ್ತ "ಗಾ ಗಾ" ಎಂದು ನಡೆದಳು.

"ಚೀ ಯೋ!"

ನಾವೆಲ್ಲ ಬೆಚ್ಚಿದೆವು. ನಿಯಾ ತಾಯ್ ಎದ್ದು ನಿಂತಿದ್ದರು. "ಚೀ ಯೋ, ಚೀ ಯೋ!" ಎಂದು ಅತ್ತೆಯ ಮುಖಕ್ಕೆ ಕೈ ಆಡಿಸಿದರು. ಹಾಗಲ್ಲ ಎಂದು ಅರ್ಥವೆಂಬುದು ನನಗೆ ತಿಳಿದದ್ದು ಆಮೇಲೆ. ಅತ್ತೆ ಮಾತ್ರ "ಛೀ ಅಂದ್ಲು ನೋಡು ನನ್ನ!" ಎಂದು ಸಂಭ್ರಮದಿಂದ ನನ್ನ ಕಡೆ ತಿರುಗಿದರು. ನಿಯಾ ತಾಯ್ ಒಂಬತ್ತು ಬೆರಳು ಎತ್ತಿ ಒಂದೊಂದನ್ನೇ ಮಡಚುತ್ತ ಸೂರ್ಯರನ್ನು ಬೀಳಿಸಿದರು. "ಲಾವ್ ಕಾಯ್!" ಎಂದು ಅತ್ತೆಗೆ ಪಾಠ ಹೇಳುವಂತೆ ಒತ್ತಿ ಹೇಳಿ, ಕತ್ತು ಚಾಚಿ, ಕಣ್ಣು ಮುಚ್ಚಿ, ಹುಂಜದ ಹಾಗೆ ಕೂಗಿದರು. ಆ ತಗಡಿನ ಮಾಡು ಗಣಗಣ ಅಂದಿತು. ಮೇಲಿನ ಮಹಡಿಗಳಲ್ಲಿ ಕಿಟಕಿಗಳು ತೆರೆದುಕೊಂಡವು. ಮೂರು ಸಲ ಕೂಗಿದರು. ಮೂರನೆಯದು ಅರ್ಧಕ್ಕೆ ಒಡೆಯಿತು, ಅಳು ಬಂತು. ಅಳುತ್ತಲೇ ಕಥೆ ಮುಂದುವರಿಸಿದರು, ನಿಲ್ಲಿಸಲಿಲ್ಲ. ಹಾನಾ ಅಜ್ಜಿಯ ಸೆರಗಿನಂಥ ತಲೆವಸ್ತ್ರದ ತುದಿ ಹಿಡಿದುಕೊಂಡು, "ಲಾವ್ ಕಾಯ್, ನಿಯಾ ತಾಯ್, ಲಾವ್ ಕಾಯ್," ಎನ್ನುತ್ತಿದ್ದಳು, ಸರಿ ಸರಿ, ಹುಂಜವೇ ಎಂದು ಒಪ್ಪಿಕೊಳ್ಳುವ ಹಾಗೆ.

ಮೇಲೆ ಬಂದಾಗ ಅತ್ತೆಯನ್ನು ಕೇಳಿದೆ, "ಬೇಕಂತಲೇ ತಪ್ಪು ಹೇಳಿದ್ರಾ?"

"ಎಕ್ಸ್‌ಚೇಂಜಲ್ಲಿ ಕಲಿತದ್ದು ಕಣೇ. ಕೆಟ್ಟ ಸುದ್ದಿಗೆ ಫೋನ್ ಮಾಡೋರು ನಂಬರ್ ಕೇಳಿದ್ರೆ ಮಾತೇ ಹೊರಡದೆ ನಿಂತುಬಿಡೋರು. ಸಮಾಧಾನ ಹೇಳಿದ್ರೆ ಇನ್ನೂ ಅಳು. ನಾನೇ ಒಂದು ತಪ್ಪು ನಂಬರ್ ಹೇಳ್ತಿದ್ದೆ. ತಕ್ಷಣ, ಅದಲ್ಲಮ್ಮಾ, ಇದು ಅಂತ ಬಾಯಿ ಬಿಡೋರು."

ಮಾಯ್ ಸಾನ್ ಮಗುವಿನೊಂದಿಗೆ ಮನೆಗೆ ಬರುವ ಹೊತ್ತಿಗೆ ಹಾನಾಳ ಬಾಯಲ್ಲಿ ಹುಲಿ, ಎತ್ತು, ಬೆಟ್ಟ, ಬಿಲ್ಲು, ಅನಾಥ ಎಲ್ಲ ಬಂದಿದ್ದವು. ಹಿಂದೆ ಅಮ್ಮ ಅನುವಾದಿಸಲೆಂದು ಕಾಯುತ್ತಿದ್ದವಳಿಗೆ ಆ ದಿನಗಳಲ್ಲಿ ಕಾಯಲು ಯಾರೂ ಇರಲಿಲ್ಲವಲ್ಲ. ಬಾಗಿಲಲ್ಲೇ ನಿಂತು ತಮ್ಮನ ಮುಖ ನೋಡಿ ಅವಳು ಹ್ಮೋಂಗಿನಲ್ಲಿ ಏನೋ ಅಂದಳಂತೆ. ಮಾಯ್ ಸಾನ್ ಚಪ್ಪಲಿ ಬಿಚ್ಚುವುದನ್ನೂ ಮರೆತು ನಿಂತುಬಿಟ್ಟರಂತೆ. ಏನಂದಳು ಎಂದು ಕೇಳಿದೆ. "ಇವನ ಮೂಗು ಕಪ್ಪೆ ಥರ ಇದೆ, ಅಂದಳು," ಎಂದು ಹೇಳಿ ನಗುತ್ತ ಕಣ್ಣೊರೆಸಿಕೊಂಡರು.

ಬೇಸಿಗೆ ಸುಡುತ್ತ ಹೋಯಿತು. ಶಾಲೆ ತೆರೆಯಿತು, ಕಥೆ ಶಾಲೆಯಿಂದ ಬಂದ ಮೇಲಿನ ಹೊತ್ತಿಗೆ ಸರಿಯಿತು. ವೀಸಾ ವಿಸ್ತರಣೆಗೆ ಇಬ್ಬರು ಅಜ್ಜಿಯರನ್ನೂ ಒಟ್ಟಿಗೆ ಕರೆದುಕೊಂಡು ಹೋದೆವು. ಸಾಲಿನಲ್ಲಿ ನಿಂತೇ ಅವರು ಯಾರದೋ ಸೊಸೆಯ ಕಥೆ ಮುಗಿಸಿದರು. ಭಾರತಕ್ಕೆ ವಿಶೇಷ ವಿಮಾನಗಳು ಶುರುವಾಗಿವೆ ಎಂದು ರಘು ಹೇಳಿದಾಗ ಅತ್ತೆ, "ಅಲ್ಲಿ ಕಾಯಿಲೆ ಜಾಸ್ತಿ ಇದೆಯಂತಲ್ಲಪ್ಪಾ, ನೋಡೋಣ," ಎಂದರು. ಕಾಯಿಲೆಯ ಭಯ ಎಷ್ಟಿತ್ತೋ, ಅನಾಥ ಹುಡುಗನಿಗೆ ಮುಂದೇನಾಯಿತು ಎಂಬ ಕುತೂಹಲ ಎಷ್ಟಿತ್ತೋ, ನಾವು ಕೆದಕಲಿಲ್ಲ.

ಕಿನ್‌ಮೊಕುಸೇಯ್ ಅರಳಿದಾಗ ನಿಯಾ ತಾಯ್ ಸೂಜಿ ಕೆಳಗಿಟ್ಟು ಅತ್ತೆಯ ಕಡೆ ಬೆರಳು ತೋರಿಸಿದರು. ಹಾನಾ ಜಪಾನೀಸಿನಲ್ಲಿ ಹೇಳಿದಳು. ಇಂಚರ ಕನ್ನಡದಲ್ಲಿ, "ಅಜ್ಜಿ, ಎಷ್ಟು ದಿನ ನಾನೇ ಹೇಳ್ಲಿ, ನೀನು ಒಂದು ಹೇಳು ಅಂತಿದಾರೆ," ಎಂದಳು. ಪೂರ್ತಿ ವಾಕ್ಯ, ಒಂದೂ ಇಂಗ್ಲಿಷ್ ಮಾತಿಲ್ಲದೆ. ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು.

ಆದರೆ ಹೇಳಲು ಅವರಿಗೆ ನಾಚಿಕೆ. "ನನ್ಹತ್ರ ಎಲ್ಲಿದೆ ಕಥೆ? ಬೇರೆಯವರ ಮಾತು ಕನೆಕ್ಟ್ ಮಾಡೋದ್ರಲ್ಲೇ ಕಾಲ ಕಳೀತು," ಎಂದರು. ಎಲ್ಲರೂ ಬಿಡದೆ ಪೀಡಿಸಿದ ಮೇಲೆ, ಕನ್ನಡದ ಎಲ್ಲ ಮಕ್ಕಳೂ ಮೊದಲು ಕೇಳುವ ಕಾಗಕ್ಕ ಗುಬ್ಬಕ್ಕನ ಕಥೆ ಎತ್ತಿಕೊಂಡರು. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂತು. ಸಗಣಿಯ ಮನೆ ಕೊಚ್ಚಿಹೋಯಿತು. ಕಾಗಕ್ಕ ನೆನೆಯುತ್ತ ಬಂದು, "ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು ತೆಗಿ," ಎಂದಳು. ಗುಬ್ಬಕ್ಕ ಒಳಗಿನಿಂದಲೇ, "ತಾಳು, ಮಗೂಗೆ ಎಣ್ಣೆ ಹಚ್ತಿದೀನಿ."

ಹಾನಾ ಅದನ್ನು ಅಜ್ಜಿಗೆ ಹೇಳಿದಳು. ನಿಯಾ ತಾಯ್ ತಲೆ ಆಡಿಸಿದರು, ಮಗುವಿನ ವಿಷಯ, ಇರಲಿ.

"ಮತ್ತೆ ಬಾಗಿಲು ತಟ್ಟಿದಳು. ತಾಳು, ಮಗೂಗೆ ನೀರು ಹಾಕ್ತಿದೀನಿ."

ನಿಯಾ ತಾಯ್ ಮುಖ ಬಿಗಿಯಾಯಿತು.

"ಮತ್ತೆ ತಟ್ಟಿದಳು. ತಾಳು, ಮಗೂಗೆ ಸಾಂಬ್ರಾಣಿ ಹಾಕ್ತಿದೀನಿ. ತಾಳು, ತೊಟ್ಟಿಲು ತೂಗ್ತಿದೀನಿ..."

ನಿಯಾ ತಾಯ್‌ಗೆ ತಡೆಯಲಾಗಲಿಲ್ಲ. ಹಾನಾಳ ಮೂಲಕ ಪ್ರಶ್ನೆ ಬಂತು: ಹೊರಗೆ ಮಳೆ ಸುರಿಯುತ್ತಿದೆಯೋ ಇಲ್ಲವೋ?

"ಸುರೀತಿದೆ."

ಆ ಗುಬ್ಬಿಗೆ ಕಾಗೆಯ ಪರಿಚಯ ಇದೆಯೋ ಇಲ್ಲವೋ?

"ಪಕ್ಕದ ಮನೆಯೋಳೇ."

ಹಾಗಾದರೆ ಯಾಕೆ ಬಾಗಿಲು ತೆಗೆಯಲಿಲ್ಲ?

ಅತ್ತೆ, "ಕಥೆ ಇರೋದೇ ಹಾಗಲ್ವಾ? ನಮ್ಮಜ್ಜಿ ಹಾಗೇ ಹೇಳಿದ್ದು," ಎಂದರು. ಬಾಗಿಲು ತೆರೆಯುವಷ್ಟರಲ್ಲಿ ಸಾಕಾಗಿ ಕಾಗೆ ಮರಕ್ಕೆ ಹಾರಿಹೋಯಿತು, ಅದಕ್ಕೇ ಈಗಲೂ ಹೊರಗೇ ಇರುತ್ತದೆ ಎಂದು ಹೇಗೋ 'ಕಥೆ ಮುಗಿಯಿತು' ಎಂದರು. ನಿಯಾ ತಾಯ್ ಬಹಳ ಹೊತ್ತು ಸಿಡಿಮಿಡಿಗುಟ್ಟಿದರು. ಲಾವೋಸ್‌ನಲ್ಲಿ ಯುದ್ಧವಾದಾಗ ಸೈನಿಕರಿಗೆ ಹೆದರಿ ಮನೆ ಬಿಟ್ಟು, ಮಳೆಗಾಲದಲ್ಲಿ ಮಕ್ಕಳನ್ನು ಹೊತ್ತು ಕಾಡು ನಡೆದವರಂತೆ ಅವರು. ಮಾಯ್ ಸಾನ್ ಹುಟ್ಟುವುದಕ್ಕೂ ಮುಂಚಿನ ಮಾತು. ಯಾವುದೋ ಊರಿನ ಯಾರೋ ಬಾಗಿಲು ತೆಗೆದಿದ್ದರಂತೆ. ಇದನ್ನು ಮಾಯ್ ಸಾನ್ ಹೇಳಿದ ಮೇಲೆ ಅತ್ತೆ ಆ ಸಂಜೆಯೆಲ್ಲ ಗುಬ್ಬಿಯನ್ನು ಬೈದುಕೊಂಡರು. "ಎಣ್ಣೆ ಆಮೇಲೆ ಹಚ್ಚಿದ್ರೆ ಆಗ್ತಿರಲಿಲ್ವಾ ಆ ಮುಂಡೇದಕ್ಕೆ!"

ನವೆಂಬರಿನ ಕೊನೆಗೆ ಲಾವೋಸ್‌ಗೆ ಒಂದು ವಿಶೇಷ ವಿಮಾನದಲ್ಲಿ ಜಾಗ ಸಿಕ್ಕಿತು. ಕೊಯ್ಲು ಮುಗಿದ ಮೇಲೆ ಬರುವ ಹ್ಮೋಂಗ್ ಹೊಸವರ್ಷಕ್ಕೆ ನಿಯಾ ತಾಯ್ ಊರು ಮುಟ್ಟಬೇಕು, ಅಣ್ಣನ ಮನೆಯಲ್ಲಿ ನಡೆಯಬೇಕಾದ ಕೆಲಸಗಳೂ ಇದ್ದವು. ಹೊರಡುವ ದಿನ ಟ್ಯಾಕ್ಸಿ ಬಂದು ನಿಂತಿತ್ತು. ಕುರಾತಾ ಸಾನ್ ಟೋಪಿ ಕೈಯಲ್ಲಿ ಹಿಡಿದು ಬಾಗಿ ನಿಂತಿದ್ದರು. ನಿಯಾ ತಾಯ್ ಅತ್ತೆಯ ಎರಡೂ ಕೈ ಹಿಡಿದುಕೊಂಡು, ಕಿವಿಯ ಹತ್ತಿರ ಬಾಗಿ ಉದ್ದಕ್ಕೆ ಏನೋ ಹೇಳಿದರು. ಅತ್ತೆ "ಆಯ್ತು, ಹಾಗೇ ಮಾಡ್ತೀನಿ," ಎಂದರು.

"ಏನಂದ್ರು ಅತ್ತೆ?" ಎಂದೆ ಟ್ಯಾಕ್ಸಿ ತಿರುಗಿದ ಮೇಲೆ.

"ನಮ್ಮಿಬ್ಬರ ಸಮಾಚಾರ. ನಿಂಗ್ಯಾಕೆ?" ಎಂದು ಮೂಗೊರೆಸಿಕೊಂಡು ಮೇಲೆ ಹತ್ತಿದರು.

ಕೆಲವೇ ವಾರಗಳಲ್ಲಿ ಅತ್ತೆಯೂ ಮೈಸೂರಿಗೆ ಹೊರಟರು. ಮನೆ ಬಿಕೋ ಎನ್ನುತ್ತಿತ್ತು. ನನ್ನ ಮೀಟಿಂಗುಗಳಲ್ಲಿ ಯಾರೂ ಯಾರ ಕ್ಷೇಮವನ್ನೂ ಕೇಳುತ್ತಿರಲಿಲ್ಲ.

ಜನವರಿಯ ಒಂದು ಭಾನುವಾರ ಹಾನಾ ಫೋನ್ ಹಿಡಿದು ನಮ್ಮ ಮನೆಗೆ ಓಡಿಬಂದಳು. ಊರಿನಿಂದ ನೆಂಟರು ರೆಕಾರ್ಡು ಮಾಡಿ ಕಳಿಸಿದ್ದರು. ಹೊಸವರ್ಷದಲ್ಲಿ ನಿಯಾ ತಾಯ್ ಹಳ್ಳಿಯ ಮಕ್ಕಳನ್ನು ಕೂರಿಸಿಕೊಂಡು ಹೇಳಿದ ಕಥೆ. ಇಂಚರ ಅಜ್ಜಿಗೆ ವಿಡಿಯೋ ಕಾಲ್ ಹಾಕಿದಳು. ಮೈಸೂರಿನಲ್ಲಿ ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕೂತು, "ಹೂಂ, ಹಾಕು," ಎಂದರು.

"ಪುವಾ ಥಾವ್ ಉ..." ಆ ಗಂಟಲು ಕೇಳಿದ್ದೇ ಎಲ್ಲರ ಮುಖವೂ ಅರಳಿತು. ಹಾನಾ ಜಪಾನೀಸಿನಲ್ಲಿ ಹೇಳುತ್ತ ಹೋದಳು, ಇಂಚರ ಕನ್ನಡದಲ್ಲಿ. ಒಂದು ಕಾಗೆ, ಒಂದು ಗುಬ್ಬಿ. ಮಳೆ ಬಂತು. ಕಾಗೆಯ ಮನೆ ಕೊಚ್ಚಿಹೋಯಿತು. ಬಂದು ಬಾಗಿಲು ತಟ್ಟಿತು. ಗುಬ್ಬಿ ಬಾಗಿಲು ತೆಗೆಯಿತು.

ರೆಕಾರ್ಡಿನಲ್ಲಿ ಒಂದು ಮಗು ಏನೋ ಕೂಗಿತು. "ಅಷ್ಟೇನಾ, ಮುಗೀತಾ ಅಂತ ಕೇಳ್ತಿದಾನೆ," ಎಂದಳು ಇಂಚರ.

ಮುಗಿದಿರಲಿಲ್ಲ. ಮಳೆ ನಿಲ್ಲಲೇ ಇಲ್ಲವಂತೆ, ಕಾಗೆಯೂ ಗುಬ್ಬಿಯೂ ಒಂದೇ ಗೂಡಿನಲ್ಲಿ ಇರಬೇಕಾಯಿತಂತೆ. ಇದಕ್ಕೆ ಅದರ ಭಾಷೆ ಬರದು, ಅದಕ್ಕೆ ಇದರ ಭಾಷೆ ಬರದು. ಮೇಲಾಗಿ ಆ ಕಾಗೆಯ ಗಂಟಲು ಬಹಳ ದೊಡ್ಡದು.

ಅಷ್ಟರಲ್ಲಿ ಪರದೆಯಿಂದ ಅತ್ತೆ ಕೈ ಎತ್ತಿದರು. "ಹಾನಾ ಮರಿ, ಸಾಕು, ಸುಮ್ನಿರು. ನಂಗೆ ಅರ್ಥ ಆಗ್ತಿದೆ."

ಮಕ್ಕಳು ಅನುವಾದ ನಿಲ್ಲಿಸಿದರು. ನಿಯಾ ತಾಯ್ ಹೇಳುತ್ತಲೇ ಹೋದರು. ಒಂದು ಕಡೆ ದಪ್ಪ ದನಿ, ಒಂದು ಕಡೆ ತೆಳ್ಳಗಿನ ದನಿ, ನಡುನಡುವೆ ಮಕ್ಕಳ ನಗು. ಆ ಮಕ್ಕಳು ನಕ್ಕಲ್ಲೆಲ್ಲ ಮೈಸೂರಿನಲ್ಲಿ ಅತ್ತೆಯೂ ನಗುತ್ತಿದ್ದರು, ಒಂದೆರಡು ಕಡೆ ಮಕ್ಕಳಿಗಿಂತ ಸ್ವಲ್ಪ ಮೊದಲೇ. ಕಥೆ ಮುಗಿದ ಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, ಮತ್ತೆ ಹಾಕಿಕೊಂಡರು.

"ನನ್ನ ಗಂಟಲಿಗೆ ಏನಾಗಿದೆಯಂತೆ ಅವಳಿಗೆ?" ಎಂದರು. ಆಮೇಲೆ ಕಾಲು ಇನ್ನಷ್ಟು ಮೇಲಕ್ಕೆಳೆದುಕೊಂಡು, "ಇಂಚರಾ, ಇನ್ನೊಂದ್ಸಲ ಹಾಕೇ."